ಬಾಣಂತಿ ಕೋಣೆಗೆ ಬಂದ ರಾಗಿ

ಇವತ್ತು ನಮ್ಮ ಬೀದಿಯಲ್ಲಿ ಹೊಸ ರಾಗಿಹುಲ್ಲು ತುಂಬಿದ ಟ್ರ್ಯಾಕ್ಟರ್ ಹಾದುಹೋಯಿತು. ಆ ವಾಸನೆ ನನ್ನನ್ನು ಗೌಡಗೆರೆ ಹತ್ತಿರದ ನಮ್ಮ ಕಣಕ್ಕೆ ಎಳೆದೊಯ್ದಿತು.

ಅದು ನನ್ನ ಬಾಲ್ಯ, ಎರಡನೇ ಮಹಾಯುದ್ಧದ ಕಾಲ, ಅಂಗಡಿಯಲ್ಲಿ ಕಾಳು ಸಿಗುತ್ತಿರಲಿಲ್ಲ. ಬಾವಿಯ ಪಕ್ಕದ ತುಂಡು ಹೊಲದಲ್ಲೇ ಅಪ್ಪ ರಾಗಿ, ಅವರೆ, ಹುಚ್ಚೆಳ್ಳು, ಮೆಣಸಿನಕಾಯಿ ಎಲ್ಲ ಬೆಳೆಯುತ್ತಿದ್ದ. ನಾವು ಕೊಳ್ಳುತ್ತಿದ್ದುದು ಉಪ್ಪೊಂದನ್ನೇ.

ಆ ವರ್ಷ ರಾಗಿ ತೆನೆ ಕೊಯ್ದು ಕಣದಲ್ಲಿ ಹರಡಿದ್ದಾಗ ಮಧ್ಯಾಹ್ನವೇ ಕತ್ತಲಾಯಿತು. "ತೆನೆ ನೆಂದ್ರೆ ಮೊಳ್ಕೆ ಬತ್ತದೆ. ವರ್ಷೆಲ್ಲ ಏನ್ ಉಣ್ಣಾದು?" ಎಂದು ಅಪ್ಪ ಆಕಾಶ ನೋಡುತ್ತ ನಿಂತುಬಿಟ್ಟ. ಇಡೀ ಮನೆಯಲ್ಲಿ ಸೋರದೆ ಇದ್ದದ್ದು ಒಂದೇ ಕೋಣೆ. ಅಲ್ಲಿ ಅಮ್ಮ ಹಸುಗೂಸಿನೊಂದಿಗೆ ಬಾಣಂತನದಲ್ಲಿದ್ದಳು.

ಅಮ್ಮ ಕೂಸನ್ನೆತ್ತಿಕೊಂಡು ಹೊರಬಂದು, "ತೆನೆ ನನ್ ಕೋಣೆಗೇ ತುಂಬ್ರಿ" ಎಂದಳು.

"ಹಸಿ ಬಾಣಂತಿ ಕಣಮ್ಮ ನೀನು. ಕೂಸಿಗೆ ತಂಡಿ ಹಿಡಿದ್ರೆ ಏನ್ ಗತಿ?" ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ನಾನು ಉಂಡ್ರೆ ತಾನೆ ಅತ್ತೆ ಇದಕ್ಕೆ ಹಾಲು?"

ಅಜ್ಜಿ ಸರಿದಳು. ನಾವೆಲ್ಲ ಓಡಿ ಓಡಿ ತೆನೆ ಹೊತ್ತೆವು. ಕೋಣೆ ತುಂಬುವ ಹೊತ್ತಿಗೆ ಮಳೆ ಸುರಿಯಿತು. ಅಮ್ಮ ಸೋರುವ ಅಡುಗೆಮನೆಯಲ್ಲಿ, ಒಲೆಯ ಪಕ್ಕ ಗೋಣಿ ಹೊದ್ದು ಕುಳಿತಳು. ಕೂಸು ಕೆಮ್ಮಿದಾಗಲೆಲ್ಲ ಅಜ್ಜಿ ಅದರ ಎದೆ ಮುಟ್ಟಿ ನೋಡುತ್ತಿದ್ದಳು, ನಾನು ಅಜ್ಜಿಯ ಮುಖ ನೋಡುತ್ತಿದ್ದೆ. ಕೊನೆಗೆ ಬಿಸಿಲು ಬಂತು. ರಾಗಿ ಉಳಿಯಿತು, ಕೂಸೂ ಉಳಿಯಿತು.

ಆ ಕೂಸು, ನನ್ನ ತಮ್ಮ, ಈಗ ಶಿರಾದಲ್ಲಿ ಮೊಮ್ಮಕ್ಕಳ ಜತೆಗಿದ್ದಾನೆ. ಇವತ್ತು ಸಂಜೆ ಮೋಡ ಕಟ್ಟಿತು. ಫೋನ್ ಮಾಡಿ ಕೇಳಿದೆ, "ಬೆಚ್ಚಗಿದ್ದೀಯೇನ್ಲಾ?"