ಗುಂತಕಲ್ಲಿನಿಂದ ಬಂದ ಪೈಪು

ನನ್ನ ಮೇಜಿನ ಮೇಲೆ ಒಂದು ರಬ್ಬರ್ ಪೈಪು ಬಿದ್ದಿದೆ. ಒಂದೂವರೆ ಗೇಣು ಉದ್ದ. ಕಿರುಬೆರಳಷ್ಟು ದಪ್ಪ. ಎರಡೂ ತುದಿಗೆ ಹಿತ್ತಾಳೆಯ ನಟ್ಟು. ಹೊಚ್ಚ ಹೊಸದು.

"ಇದೇನ್ರೀ, ಬರಿಯೋ ಮೇಜಿನ ಮ್ಯಾಲ?" ಅಂತ ಮನೆಯಾಕೆ ಮೂರು ಸಲ ಕೇಳಿದಳು. ಪ್ರತಿ ವಾರ ನಿಮ್ಮನ್ನು ನಗಿಸಲು ಕೂರುವ ಈ ಬಾಯಿಬಡುಕನಿಗೆ ಆಕೆಗೊಂದು ಉತ್ತರ ಕೊಡಲು ಆಗಲಿಲ್ಲ. ನಿಮಗೆ ಹೇಳುತ್ತೇನೆ. ಈ ವಾರ ನಗು ಬರಲಿಕ್ಕಿಲ್ಲ, ಮೊದಲೇ ಹೇಳಿಬಿಟ್ಟೆ.

ನಮ್ಮ ಚನ್ನಣ್ಣ ನಿಮಗೆ ಗೊತ್ತು. (ಎಮ್ಮೆ ಕರುವಿಗೆ ಬಸ್ಸಿನಲ್ಲಿ ಟಿಕೆಟ್ ತೆಗೆಸಿದವನು. ಆ ವಾರ ಎಷ್ಟು ಕಾಗದ ಬರೆದಿರಿ!) ಹೊಸಬರಿಗೆ ಹೇಳುವುದಾದರೆ, ನಮ್ಮ ದೊಡ್ಡವ್ವನ ಮಗ. ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಗದ್ದೆ ಮಾಡುತ್ತಾನೆ. ಅವನ ಬಳಿ ಹಳೆಯದೊಂದು ಪಿಕಪ್ಪು. ಸಸಿ ಕಟ್ಟು, ಗೊಬ್ಬರ, ನಾಟಿ ಹೆಣ್ಣುಮಕ್ಕಳು, ಎಲ್ಲವೂ ಅದರಲ್ಲೇ.

ಆ ಕಡೆಯ ಎರೆ ಮಣ್ಣು ನೋಡಿದ್ದೀರಾ? ಬಿಸಿಲಿಗೆ ಕಲ್ಲು, ಮಳೆಗೆ ಅಂಟು. ಹೋದ ಮಳೆಗಾಲದಲ್ಲಿ ಗದ್ದೆ ದಾರಿಯಲ್ಲಿ ಪಿಕಪ್ಪು ಹೊಟ್ಟೆ ಊರಿ ಕೂತದ್ದು ಮೂರು ದಿನ ಏಳಲಿಲ್ಲ. ನಾಲ್ಕು ಜೋಡಿ ಎತ್ತು ಕಟ್ಟಿ ಎಳೆದರು. ಅದರ ಮುಂದಿನ ಗಾಲಿಗಳು ಬೇರೆ ಬೇರೆ ಕಬ್ಬಿಣದ ತೋಳಿಗೆ ಜೋಡಿಸಿದ ಜಾತಿಯವು. ಒಂದು ಮೇಲೆ ಹೋದರೆ ಇನ್ನೊಂದಕ್ಕೆ ಸುದ್ದಿಯೇ ಇಲ್ಲ. ಟಾರು ರಸ್ತೆಗೆ ಬಲು ಸುಖ. ಎರೆಯಲ್ಲಿ ತೋಳು ಬಾಗಿತು.

"ಇದಕ್ಕ ಜೀಪಿನಂಗ ಒಂದೇ ಅಚ್ಚು ಹಾಕಿಸ್ತೀನಿ ತಮ್ಮಾ," ಅಂದ ಚನ್ನಣ್ಣ. "ಈ ಗಾಲಿಯಿಂದ ಆ ಗಾಲಿತನಕ ಒಂದೇ ಕಬ್ಬಿಣ. ನಮ್ ಎತ್ತಿನ ಬಂಡಿಗಿ ಇರಂಗಿಲ್ಲೇನು? ಅದು ಎಂದರ ಹೂತು ಕುಂತೈತಾ?"

ಬಂಡಿಯೂ ಹೂತು ಕೂತದ್ದನ್ನು ನಾನೇ ನೋಡಿದ್ದೆ. ಸುಮ್ಮನಿದ್ದೆ. ಈ ಕಥೆಯಲ್ಲಿ ನಾನು ಸುಮ್ಮನಿದ್ದದ್ದು ಅದೇ ಮೊದಲು, ಕೊನೆಯದಲ್ಲ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಾಬುಸಾಬ್ ಅಂತ ಮೆಕ್ಯಾನಿಕ್. ಗಾಡಿಯ ಸದ್ದು ಕೇಳಿ ರೋಗ ಹೇಳುವ ಮನುಷ್ಯ. ಮಿಲಿಟರಿಯವರು ಹರಾಜು ಹಾಕಿದ ಜೀಪೊಂದರ ಮುಂದಿನ ಅಚ್ಚು, ಕಮಾನ್ ಪಟ್ಟಿ ತಂದು ಜೋಡಿಸಲು ಕೂತ. ಎಂಜಿನ್ನಿನ ಎಳೆತ ಮುಂದಿನ ಗಾಲಿಗೂ ಹೋಗುವಂತೆ ಮಾಡಿದ. ಇಪ್ಪತ್ತು ದಿನ ಹಿಡಿಯಿತು. ನಾನು ಸಂಜೆ ಆಫೀಸು ಬಿಟ್ಟು ಅಲ್ಲೇ ಸ್ಟೂಲು ಹಾಕಿಕೊಂಡು, ಚಹಾ ಕುಡಿಯುತ್ತಾ ನೋಡುತ್ತಿದ್ದೆ. ಪಿಕಪ್ಪು ಎಂಟು ಬೆರಳು ಎತ್ತರವಾಗಿ ಎದ್ದು ನಿಂತಾಗ ನನಗೇ ಮೀಸೆ ತಿರುವಬೇಕು ಅನಿಸಿತ್ತು.

ಚನ್ನಣ್ಣ ಒಯ್ಯಲು ಬಂದ ದಿನ ಮಾಬುಸಾಬ್ ಗಾಡಿಯನ್ನು ಜಾಕಿನ ಮೇಲೆ ಏರಿಸಿದ. ಮುಂದಿನ ಗಾಲಿಗಳು ಕೆಳಗೆ ಜೋತುಬಿದ್ದವು.

"ಇಲ್ಲಿ ಬಗ್ಗಿ ನೋಡ್ರಿ. ಸಾರ್, ನೀವೂ ಬರ್ರಿ."

ಇಬ್ಬರೂ ಬಗ್ಗಿದೆವು. ಮೇಲಿನ ಚೌಕಟ್ಟಿನಿಂದ ಗಾಲಿಗೆ ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಪೈಪು ಏಕತಾರಿಯ ತಂತಿಯಂತೆ ಬಿಗಿದು ನಿಂತಿತ್ತು.

"ಇದು ಹಳೇ ಪೈಪು. ಗಾಡಿ ಎತ್ತರ ಆತು, ಇದು ಗಿಡ್ಡ ಬಿತ್ತು. ಉದ್ದಂದು ಗುಂತಕಲ್ಲಿಗಿ ಹೇಳಿ ಕಳಿಸೀನಿ. ಮೂರು ದಿನ ನಿಲ್ರಿ."

"ಮೂರು ದಿನಾನಾ? ನಾಳಿ ಮಣ್ಣೆತ್ತಿನ ಅಮಾಸಿ ಐತೋ ಮಾರಾಯ! ಕುರುಗೋಡಿನಾಗ ನಮ್ಮವ್ವ ಕಾಯಿ, ನಿಂಬಿಹಣ್ಣು ತಂದಿಟ್ಕೊಂಡು ಕುಂತಾಳ."

"ಪೂಜಿಗಿ ಒಯ್ರಿ, ಬ್ಯಾಡ ಅನ್ನಂಗಿಲ್ಲ. ಟಾರ್ ರೋಡಿಗಿ ಏನೂ ಆಗಂಗಿಲ್ಲ. ಟಾರ್ ಬಿಟ್ಟು ಇಳಿಬ್ಯಾಡ್ರಿ. ಗಾಲಿ ತಗ್ಗಿಗಿ ಬಿತ್ತಂದ್ರ ಇದು ಕಿತ್ಕೊಂತೈತಿ. ಆಮ್ಯಾಲೆ ಬ್ರೇಕಿಲ್ಲ. ಪೂಜಿ ಮಾಡಿ ವಾಪಸ್ ತರ್ರಿ." ಆಮೇಲೆ ನನ್ನ ಕಡೆ ತಿರುಗಿ, "ಸಾರ್, ನಿಮ್ ಜವಾಬ್ದಾರಿ," ಅಂದ.

"ಆಗಲಿ ಮಾಬುಸಾಬ್," ಅಂದೆ. ಬಾಯ್ತುಂಬಾ ಅಂದೆ.

ಟಾರು ಬಿಟ್ಟು ಓಡಾಡಲೆಂದೇ ಮಾಡಿಸಿದ ಗಾಡಿಗೆ ಟಾರು ಬಿಡಬೇಡ ಅನ್ನುವುದು ತಮಾಷೆ ಅನಿಸಿ ದಾರಿಯುದ್ದಕ್ಕೂ ನಾವಿಬ್ಬರೂ ನಕ್ಕೆವು. ಹೌದು, ನಕ್ಕೆವು.

ಕುರುಗೋಡಿನಲ್ಲಿ ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. ನನಗೆ ಮಾತು ಕಲಿಸಿದವಳು ಆಕೆ. ಇಲ್ಲಿ ನಾನು ಬರೆಯುವ ಗಾದೆಗಳಲ್ಲಿ ಅರ್ಧ ಆಕೆಯ ಉಡಿಯಿಂದ ಕದ್ದವು. ಅಮಾವಾಸ್ಯೆಯ ಬೆಳಿಗ್ಗೆ ಪಿಕಪ್ಪಿಗೆ ವಿಭೂತಿ ಬಳಿದಳು. ಗಾಲಿಗೆ ನಿಂಬೆಹಣ್ಣು ಇಟ್ಟಳು. ಪೂಜೆ ಮಾಡಿದ ಮಣ್ಣೆತ್ತುಗಳಲ್ಲಿ ಒಂದನ್ನು ತಂದು ಬಾನೆಟ್ಟಿನ ಮೇಲೆ ಕೂರಿಸಿದಳು. "ಇದೂ ಎತ್ತೇ ನೋಡಪಾ. ದುಡಿಯೋದೆಲ್ಲಾ ಎತ್ತೇ," ಅಂದಳು. ನನ್ನ ಕಣ್ಣು ತುಂಬಿತು.

ಹೋಳಿಗೆ ಉಂಡ ಮೇಲೆ ನಾನು ಬಾಯಿಬಿಟ್ಟೆ. "ದೊಡ್ಡವ್ವಾ, ಗಾಡಿ ಮತ್ತ ಬಳ್ಳಾರಿಗಿ ಹೋಗ್ಬೇಕು. ಒಂದು ಪೈಪು ಹಾಕೋದು ಬಾಕಿ ಐತಿ."

"ಬಾಕಿ ಇಟ್ಟು ಪೂಜಿ ಮಾಡಿಸಿದ್ರೇನೋ?" ಆಕೆಯ ಮುಖ ಕಪ್ಪಿಟ್ಟಿತು. "ಪೂಜಿ ಆದ ಗಾಡಿನ ಆಷಾಢದಾಗ ಬಿಚ್ಚತಾರೇನು? ನಾಗರ ಅಮಾಸಿ ಬರ್ಲಿ, ಅವತ್ತು ಹಾಕ್ಸು. ಒಂದು ತಿಂಗಳಿಗಿ ಏನು ಮುಳುಗಿ ಹೋಗ್ತೈತಿ?"

ಚನ್ನಣ್ಣ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಹಿರಿಯರ ಮಾತು. ಮುಗಿಯಿತು.

ಮೂರ್ಖರು ಅಂತೀರಾ? ಅನ್ನಿ. ಆದರೆ ಬಾಗಿಲು ಕೂರಿಸದ ಮನೆಗೆ ಗೃಹಪ್ರವೇಶ ಮಾಡದವರು, ನೀರು ಬಾರದ ನಲ್ಲಿಗೆ ಹಾರ ಹಾಕದವರು ನಮ್ಮಲ್ಲಿ ಎಷ್ಟು ಜನ? ಮುಹೂರ್ತ ನಮಗಾಗಿ ಕಾಯುವುದಿಲ್ಲ. ಕೆಲಸ ಕಾಯುತ್ತದೆ. ಅದಕ್ಕೇ ನಾವು ಯಾವಾಗಲೂ ಕೆಲಸವನ್ನೇ ಕಾಯಿಸುತ್ತೇವೆ.

ಮರುದಿನ ನಾನೂ ಕರೂರಿಗೆ ಹೋದೆ. ಗಾಡಿಯ ಪ್ರತಾಪ ನೋಡಬೇಕಲ್ಲ! ನಾಟಿ ಹೆಣ್ಣುಮಕ್ಕಳು ಕಾಯುತ್ತಾ ನಿಂತಿದ್ದರು. ಅವರ ಮುಂದಾಳು ಹುಲಿಗೆವ್ವ, ನಲವತ್ತರ ಮೇಲಿನ ಹೆಣ್ಣುಮಗಳು. ಗದ್ದೆಯಲ್ಲಿ ಆಕೆ ಹಾಡು ಎತ್ತಿದರೆ ಉಳಿದವರ ಕೈ ತಾನೇ ಓಡುತ್ತಿತ್ತು. ಪಿಕಪ್ಪನ್ನು ಮೇಲಿನಿಂದ ಕೆಳಗೆ ನೋಡಿದಳು.

"ಏನ್ರಿ ಸಾವ್ಕಾರ್ರ, ಎತ್ತಿಗಿ ಪೂಜಿ ಮಾಡೀವಿ ಅಂದ್ರಿ. ಇದು ಒಂಟೆ ಆಗೈತಲ್ರಿ! ಹತ್ತಾಕ ನಿಚ್ಚಣಿಕಿ ಕೊಡ್ರಿ."

"ಹತ್ತಬೇ ಸುಮ್ನ. ಹೋದ ವರ್ಷ ಕೆಸರಾಗ ನೀನಾ ನೂಕಿದ್ದಿ, ಮರ್ತಿಯೇನು?"

"ಮರೀಲಿಲ್ಲಪಾ. ನೂಕಿದ್ದಕ್ಕ ಕೂಲಿ ಕೊಡಲಿಲ್ಲ, ಅದನ್ನೂ ಮರೀಲಿಲ್ಲ."

ಎಲ್ಲರೂ ಗೊಳ್ಳೆಂದರು. ಗಾಡಿ ಟಾರು ಬಿಟ್ಟು ಇಳಿಯಿತು. "ಅಣ್ಣಾ, ಪೈಪು..." ಅಂದೆ. "ಆಷಾಢ ತಮ್ಮಾ," ಅಂದ ಚನ್ನಣ್ಣ. ಹೋದ ವರ್ಷ ಹೂತಿದ್ದ ಜಾಗವನ್ನು ಪಿಕಪ್ಪು ಗುರ್ರೆನ್ನುತ್ತಾ ದಾಟಿತು. ಹೆಣ್ಣುಮಕ್ಕಳು ಕೇಕೆ ಹಾಕಿದರು. ನಾನೂ ಹಾಕಿದೆ.

ಅಮಾವಾಸ್ಯೆ ಕಳೆದು ಎಂಟನೇ ದಿನ ಅದು ಆಯಿತು. ನಾನು ಅಲ್ಲಿರಲಿಲ್ಲ. ಕಾಲುವೆ ಏರಿಯ ಮೇಲೆ ಎಡಗಾಲಿ ಒಂದು ಕೊರಕಲಿಗೆ ಇಳಿಯಿತಂತೆ. ಗಾಡಿ ಸಲೀಸಾಗಿ ಎದ್ದು ಬಂತಂತೆ. ಅಚ್ಚು ತನ್ನ ಕೆಲಸ ಮಾಡಿತ್ತು. ಪೈಪು ಕಿತ್ತದ್ದು ಚನ್ನಣ್ಣನಿಗೆ ಗೊತ್ತಾಗಲಿಲ್ಲ. ಏರಿಯಿಂದ ಗದ್ದೆಗೆ ಇಳಿಯುವ ಇಳಿಜಾರಿನಲ್ಲಿ ಕಾಲು ಒತ್ತಿದಾಗ ಪೆಡಲು ನೆಲಕ್ಕೆ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದ. ಕೆಸರು, ಭಾರ, ಇಳಿಜಾರು. ನಿಲ್ಲಲಿಲ್ಲ. ಮಗುಚಿತು.

ಇಬ್ಬರಿಗೆ ಕೈ ಮುರಿಯಿತು. ಹುಲಿಗೆವ್ವ ಗಾಡಿಯ ಕೆಳಗೆ ಸಿಕ್ಕಳು. ಎತ್ತುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಸಸಿ ಕಟ್ಟು ಇನ್ನೂ ಕೈಯಲ್ಲಿತ್ತಂತೆ.

ಸುದ್ದಿ ಕೇಳಿ ಸಂಜೆಗೆ ನಾನು ಕರೂರು ಮುಟ್ಟುವಷ್ಟರಲ್ಲಿ ಊರು ತೀರ್ಮಾನ ಮಾಡಿಯಾಗಿತ್ತು. "ಯಾವ್ದೋ ಗಾಡಿ ಅಚ್ಚು ತಂದು ಯಾವ್ದಕ್ಕೋ ಹಾಕ್ಯಾನ. ಸಾಬನ ಕೆಲಸ ನೋಡ್ರಿ." ಕುರುಗೋಡಿನಿಂದ ಬಂದ ದೊಡ್ಡವ್ವ ಕೂಡ ಅಂದಳು, "ಯಾರು ಸತ್ತ ಗಾಡಿ ಅಚ್ಚೋ ಏನೋ." ಪೂಜೆ ಮಾಡಿದ ಕೈ ಆಕೆಯದು. ಬೇರೆ ಏನು ತಾನೇ ಅಂದಾಳು?

ಪಂಚನಾಮೆಗೆ ಬಂದ ದಫೇದಾರರು ಚನ್ನಣ್ಣನನ್ನು ಕೇಳಿದರು: "ಮೆಕ್ಯಾನಿಕ್ ಏನಾದರೂ ಎಚ್ಚರಿಕೆ ಹೇಳಿದ್ನೇನ್ರಿ?"

"ಏನೂ ಹೇಳಿಲ್ರಿ," ಅಂದ ಚನ್ನಣ್ಣ. ಹೇಳಿ ನನ್ನ ಮುಖ ನೋಡಿದ.

ದಫೇದಾರರೂ ನೋಡಿದರು. "ನೀವು ಬಳ್ಳಾರಿಯವರಲ್ಲಾ? ಗಾಡಿ ಮಾಡಿಸುವಾಗ ಇದ್ರಂತ."

"ನನಗ ಗಾಡಿ ವಿಷಯ ತಿಳಿಯಂಗಿಲ್ರಿ."

ಸುಳ್ಳಲ್ಲ ನೋಡಿ! ಗಾಡಿಯ ವಿಷಯ ನನಗೆ ತಿಳಿಯುವುದಿಲ್ಲ. ಎಂಥ ಅಚ್ಚುಕಟ್ಟಾದ ಉತ್ತರ! ಬರೆದರು. ಕೆಳಗೆ ಸಹಿ ಹಾಕಿದೆ. ಈ ಅಂಕಣದ ಕೆಳಗೆ ಪ್ರತಿ ವಾರ ನೀವು ನೋಡುವ ಅದೇ ಹೆಸರು.

ಮಾಬುಸಾಬನನ್ನು ಮರುದಿನವೇ ಕರೆದೊಯ್ದರು. ಜಾಮೀನಿನ ಮೇಲೆ ಬಿಟ್ಟಿದ್ದಾರೆ, ಕೇಸು ನಡೆಯುತ್ತದೆ. ನಮ್ಮಿಬ್ಬರ ಹೇಳಿಕೆ ಹಾಗೇ ನಿಂತರೆ ಆತ ಜೈಲಿಗೆ ಹೋಗುತ್ತಾನೆ.

ಹೋದ ಗುರುವಾರ ಕೌಲ್ ಬಜಾರಿಗೆ ಹೋದೆ. ಯಾಕೆ ಹೋದೆನೋ, ಕಾಲು ಹೋಯಿತು. ವರ್ಕ್‌ಶಾಪಿನಲ್ಲಿ ಒಂದೂ ಗಾಡಿ ಇರಲಿಲ್ಲ. ಮಾಬುಸಾಬ್ ಒಬ್ಬನೇ ಕೂತು ಸ್ಪಾನರುಗಳನ್ನು ಒರೆಸುತ್ತಿದ್ದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಬರ್ರಿ ಸಾರ್, ಕೂಡ್ರಿ," ಅಂದ. ಅದೇ ಸ್ಟೂಲು. ಚಹಾ ತರಿಸಿದ. ಆಮೇಲೆ ಎದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಪೈಪು ತೆಗೆದ. ಅದಕ್ಕೊಂದು ಚೀಟಿ ಕಟ್ಟಿತ್ತು: 'ಕರೂರು ಪಿಕಪ್'.

"ಗುಂತಕಲ್ಲಿಂದ ಬಂತ್ರಿ. ಹೇಳಿದಂಗ ಮೂರನೇ ದಿನಕ್ಕ ಬಂತು. ನೀವು ಬರ್ತೀರಿ ಅಂತ ತೆಗೆದಿಟ್ಟಿದ್ದೆ."

ನಾನು ಚಹಾದ ಲೋಟ ಕೆಳಗಿಟ್ಟೆ.

"ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಆ ಹೆಣ್ಮಗಳಿಗಿ ಮಕ್ಕಳದಾರೇನ್ರಿ?"

"ಒಬ್ಬಾಕಿ ಮಗಳು."

ತಲೆ ಆಡಿಸಿದ. ಒರೆಸಿದ ಸ್ಪಾನರನ್ನು ಸಾಲಿನಲ್ಲಿಟ್ಟ. "ನಂದೂ ತಪ್ಪೈತಿ ಸಾರ್. ಗಾಡಿ ಕೀಲಿ ನಾ ಕೊಡಬಾರದಿತ್ತು. ಪೂಜಿ ಅಂದ್ರಿ. ನಾ ಸಾಬ, ಪೂಜಿಗಿ ಹ್ಯಾಂಗ ಅಡ್ಡ ಬರ್ಲಿ?"

ಪೈಪು ಇಸಿದುಕೊಂಡು ಬಂದೆ. ಅಂದಿನಿಂದ ಮೇಜಿನ ಮೇಲಿದೆ.

ಚನ್ನಣ್ಣ ಇದನ್ನು ಓದುತ್ತಾನೆ. ದೊಡ್ಡವ್ವನಿಗೂ ಯಾರಾದರೂ ಓದಿ ಹೇಳುತ್ತಾರೆ. ಕುರುಗೋಡಿನ ಆ ಮನೆಯ ಬಾಗಿಲು ನನಗೆ ಇನ್ನು ತೆರೆಯಲಿಕ್ಕಿಲ್ಲ. ಆಕೆ ಕಲಿಸಿದ ಮಾತಿನಲ್ಲೇ ಇದನ್ನೂ ಬರೆದಿದ್ದೇನೆ. ಬೇರೆ ಮಾತು ನನಗೆ ಬರುವುದಿಲ್ಲ.

ಸೋಮವಾರ ನಾಗರ ಅಮಾವಾಸ್ಯೆ. ಪೈಪು ಹಾಕಿಸಬೇಕಾಗಿದ್ದ ದಿನ. ಅದನ್ನು ಚೀಲದಲ್ಲಿಟ್ಟುಕೊಂಡು, ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ದಫೇದಾರರ ಮುಂದೆ ನನ್ನ ಹೇಳಿಕೆ ಬದಲಿಸಿ ಬರೆಸುತ್ತೇನೆ.

ದಿನ ಚೆನ್ನಾಗಿದೆಯೋ ಇಲ್ಲವೋ ಅಂತ ಈ ಸಲವೂ ಯಾರನ್ನಾದರೂ ಕೇಳಬೇಕೇ?