ಕನ್ನಡಿಯಾಗದ ಟಿವಿ

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಹಳೆಯ ಡಬ್ಬಿ ಟಿವಿ ಇರುವಷ್ಟು ಕಾಲ ನನಗೆ ಕದ್ದು ಒಂದು ಪೇಢಾ ತಿನ್ನಲಾಗಲಿಲ್ಲ. ಸಕ್ಕರೆ ಕಾಯಿಲೆ ಅಂಟಿದಂದೇ ಹೆಂಡತಿ ನನ್ನ ಸಿಹಿಯನ್ನು ರದ್ದು ಮಾಡಿದ್ದಳು. ಅವಳು ಬಾಗಿಲಿಗೆ ಬೆನ್ನು ಮಾಡಿ ಧಾರಾವಾಹಿ ನೋಡುತ್ತಿದ್ದಳು, ನಿಜ. ಆದರೆ ಹೊಸ್ತಿಲು ದಾಟುವವನ ಸಮಗ್ರ ದರ್ಶನ ಆ ಉಬ್ಬು ಗಾಜಿನಲ್ಲೇ ಆಗುತ್ತಿತ್ತು. ನನ್ನ ಕೈಯ ಸಂತೆಚೀಲ ಅದರಲ್ಲೇ ಕಂಡು, ತಿರುಗದೆಯೇ ಕೇಳುತ್ತಿದ್ದಳು: “ಮೆಂತೆ ಪಲ್ಯೆದ ಬುಡಕ ಏನೈತ್ರೀ?”

ಅಂಥ ಟಿವಿ ಒಂದು ದಿನ ಕಣ್ಣು ಮುಚ್ಚಿತು. ತಕ್ಕಷ್ಟು ಶೋಕಿಸಿ, ಮರುದಿನವೇ ಅವಳನ್ನು ಕೊಲ್ಹಾಪುರದ ಅಂಗಡಿಗೆ ಕರೆದೊಯ್ದೆ.

ಅಂಗಡಿಯವನು ದುಬಾರಿಯ ಓಎಲ್‌ಇಡಿಯೊಂದರ ಮುಂದೆ ನಿಲ್ಲಿಸಿದ. “ಕಾಕಾ, ಕಪ್ಪು ಬಣ್ಣ ನೋಡ್ರಿ ಇದರಾಗ. ಕಾಡಿಗಿ ಇದ್ದಂಗ ಐತಿ!”

ನನಗೆ ಕಂಡದ್ದು ನನ್ನದೇ ಮೀಸೆ, ಒಂದು ಕೂದಲೂ ತಪ್ಪದಂತೆ. ಪಕ್ಕದ ಎಲ್‌ಸಿಡಿಯ ಮಂಕು ಪರದೆಯಲ್ಲಿ ಚಿತ್ರ ಮಾತ್ರ ಕಾಣುತ್ತಿತ್ತು, ನಾನಿರಲಿಲ್ಲ. ಅಲ್ಲಿಯೇ ನನ್ನ ಭಾಷಣ ಆರಂಭವಾಯಿತು. ನಮ್ಮ ಪಡಸಾಲೆಯ ಮಧ್ಯಾಹ್ನದ ಬಿಸಿಲಿಗೆ ಇದೇ ಸರಿ. ದಿನವಿಡೀ ಸುದ್ದಿ ಹಚ್ಚಿಟ್ಟರೂ ವಾಹಿನಿಯ ಗುರುತು ಪರದೆಗೆ ಅಂಟಿ ಕೂರುವ ಭಯವಿಲ್ಲ. ಡಬ್ಬಿಯಷ್ಟು ಕರೆಂಟು ಕುಡಿಯುವುದಿಲ್ಲ. ತೆಳ್ಳಗೆ, ಹಗುರ, ನಾಲ್ಕು ಸ್ಕ್ರೂ ಬಿಗಿದರೆ ಗೋಡೆಯ ಮೇಲೆ ನಿಲ್ಲುತ್ತದೆ.

“ಯಾವ ಗ್ವಾಡಿಗಾದ್ರೂ?” ಹೆಂಡತಿ ಕೇಳಿದಳು.

“ಯಾವ ಗ್ವಾಡಿಗಾದ್ರೂ,” ಎಂದು ಧಾರಾಳವಾಗಿ ಅಪ್ಪಣೆ ಕೊಟ್ಟೆ.

ಮೂರನೇ ದಿನ ಅಂಗಡಿಯ ಮನುಷ್ಯ ಬಂದು ಟಿವಿ ಕೂರಿಸುವಾಗ ನಾನು ಬೇಕೆಂದೇ ಸಂತೆಗೆ ಹೋಗಿದ್ದೆ. ಮೆಂತೆಯ ಕೆಳಗೆ ಪಾವು ಕಿಲೋ ಪೇಢಾ ಮಲಗಿಸಿ, ಹೆಜ್ಜೆಯ ಸದ್ದನ್ನೂ ಮರೆಸದೆ, ಗೆದ್ದವನ ಹಾಗೆ ಮರಳಿದೆ. ಹೊಸ್ತಿಲ ಮೇಲೆ ಕಾಲಿಟ್ಟರೆ, ಎದುರಿಗೆ ಅವಳು. ನನ್ನ ಕಡೆಗೇ ಮುಖ ಮಾಡಿ ಕೂತಿದ್ದಾಳೆ. ಟಿವಿ ಬಾಗಿಲ ಚೌಕಟ್ಟಿನ ಪಕ್ಕದ ಗೋಡೆಯಲ್ಲಿತ್ತು! ಡಬ್ಬಿ ಅಲ್ಲಿ ಇಟ್ಟಿದ್ದರೆ ದಾರಿಯೇ ಮುಚ್ಚುತ್ತಿತ್ತು. ಈಗ ಅವಳಿಗೆ ಒಂದೇ ನೋಟಕ್ಕೆ ಧಾರಾವಾಹಿಯೂ ಗಂಡನೂ.

“ಅಲ್ಲ್ಯಾಕ ಹಾಕಿಸಿದಿ?”

“ಎಲ್ಲಿ ಬೇಕಾದ್ರೂ ಹಾಕಬಹುದು ಅಂತ ನೀವ ಹೇಳಿದ್ರಲ್ರೀ. ಆ ಚೀಲ ಕೊಡ್ರಿ ಇಲ್ಲೆ.”

ಕೊಟ್ಟೆ. ಒಂದು ಪೇಢಾ ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಮುರಿದು, ಎರಡನ್ನೂ ಅಳೆದು ನೋಡಿ, ಸಣ್ಣ ತುಂಡನ್ನು ನನ್ನ ಅಂಗೈಗಿಟ್ಟಳು.

“ಈ ವಾರದ್ದು ಇಷ್ಟ. ಈಗ ಒಂದೀಟ ಸರೀರಿ, ಚಿತ್ರ ಕಾಣವಲ್ದು.”