ಗಟ್ಟಿ ಚೆಂಡು, ಹಸಿ ಸಗಣಿ

ಬದನೆಕಾಯಿ ಆರಿಸುವ ವಿದ್ಯೆ ನನಗೆ ಒಲಿದಿಲ್ಲವೆಂಬುದು ನಮ್ಮ ಮನೆಯಲ್ಲಿ ಎಂದೋ ಇತ್ಯರ್ಥವಾದ ಸಂಗತಿ. ಸಂತೆಯಿಂದ ನಾನು ತಂದ ಪ್ರತಿ ಕಾಯಿಯಲ್ಲೂ ಒಂದು ಹುಳು ಸಂಸಾರ ಹೂಡಿರುತ್ತದೆ. ಹೆಂಡತಿ ಅದನ್ನು ಹೆಚ್ಚಿ, ನನಗೆ ತೋರಿಸಿ, ಹಿತ್ತಲಿಗೆ ಎಸೆಯುತ್ತಾಳೆ. ಇಂಥ ನಾನು ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ, ಸುರಪುರದಲ್ಲಿ, ಗಾಲ್ಫ್ ಚೆಂಡು ಆರಿಸುವ ಕಲೆಯಲ್ಲಿ ಪಾರಂಗತನಾಗಿದ್ದೆನೆಂದರೆ, ಓದುಗ ಮಿತ್ರರೇ, ನೀವಾದರೂ ನಂಬಬೇಕು. ಹೆಂಡತಿ ಇನ್ನೂ ನಂಬಿಲ್ಲ.

ಆಗ ನಾನು ಪರಿಚಯಸ್ಥರೊಬ್ಬರ ಪಡಸಾಲೆಯಲ್ಲಿ ಹನ್ನೊಂದು ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತಿದ್ದೆ. ಸರ್ಕಾರಿ ಶಾಲೆಯ ಓದೆಲ್ಲ ಉರ್ದುವಿನಲ್ಲಿ. ಖಾಸಗಿಯಾಗಿ ಕಲಿಸಬೇಕಾದರೆ ಇಜಾಜತು, ಅಂದರೆ ಅಪ್ಪಣೆ, ಬೇಕು. ಪೊಲೀಸ್ ಅಮೀನರು ಎರಡು ಸಲ ಬಂದು ಎಚ್ಚರಿಸಿ ಹೋಗಿದ್ದರು. ಮೂರನೆಯ ಸಲ ಬಂದರೆ ಪಡಸಾಲೆಗೆ ಬೀಗ ಬೀಳುವುದು ಖಚಿತವಾಗಿತ್ತು. ಅಪ್ಪಣೆ ಕೊಡಬೇಕಾದವರು ತಿಂಗಳಿಗೊಮ್ಮೆ ತಪಾಸಣೆಗೆಂದು ಊರಿಗೆ ದೌರೆ ಬರುವ ಸಾಹೇಬರು. ಅವರಿಗೆ ಗಾಲ್ಫಿನ ಹುಚ್ಚು. ಸಿಕಂದರಾಬಾದಿನಲ್ಲಿ ಓದುವಾಗ ದಂಡಿನ ಮೈದಾನದ ಅಂಚಿನಲ್ಲಿ ನಿಂತು ಆ ಆಟ ಕಲಿತ ಏಕೈಕ ಜೀವಿ ಊರಿನಲ್ಲಿ ನಾನೇ ಆಗಿದ್ದರಿಂದ, ಎದುರಾಳಿಯ ಪಟ್ಟ ನನಗೆ ತಾನಾಗಿಯೇ ಬಂತು.

ಸಾಹೇಬರ ಮುಂದೆ ಕಾಗದಗಳನ್ನಿಡುವ ಪೇಶ್ಕಾರರು ನನ್ನನ್ನು ಪಕ್ಕಕ್ಕೆ ಕರೆದು ಆಟದ ನಿಜವಾದ ನಿಯಮ ತಿಳಿಸಿದರು.

"ನೋಡ್ರಿ ಮಾಸ್ತರ, ಸಾಹೇಬ್ರು ಗೆದ್ದ ದಿನ ದಸ್ಕತ್ತು ಆಗ್ತಾವ. ಸೋತ್ರ ಇಲ್ಲ. ಬರಾಬರ್ ಆದ್ರೂ ಇಲ್ಲ."

ಸೋಲುವುದು ಸುಲಭವೆಂದು ನೀವು ಭಾವಿಸಿದರೆ ನಿಮಗೆ ಅನುಭವ ಸಾಲದು. ಸೋಲು ಸಹಜವಾಗಿ ಕಾಣಬೇಕು. ನನಗೆ ನೆರವಾದದ್ದು ಸಾಹೇಬರ ಚೀಲದಲ್ಲಿದ್ದ ಎರಡು ಜಾತಿಯ ಚೆಂಡುಗಳು. ಒಂದು ಮೆತ್ತನೆಯ ಸಿಪ್ಪೆಯದು, ಇನ್ನೊಂದು ಗಟ್ಟಿ ಸಿಪ್ಪೆಯದು. ದೂರದ ಹೊಡೆತದಲ್ಲಿ ಅವೆರಡಕ್ಕೂ ಹೆಚ್ಚಿನ ಭೇದವಿಲ್ಲ. ಚೆಂಡು ಬೀಳಬೇಕಾದ ಕುಳಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ನಿಂತು, ಸಾಹೇಬರು ವೆಜ್ ಎನ್ನುತ್ತಿದ್ದ ಓರೆಮುಖದ ಕೋಲಿನಿಂದ ಚೆಂಡನ್ನು ಮೆಲ್ಲಗೆ ಎತ್ತುವಾಗಲೇ ಒಂದೊಂದರ ಸ್ವಭಾವ ಬಯಲಾಗುವುದು. ನೆಂಟರ ಸ್ವಭಾವವೂ ಅವರು ಹತ್ತಿರ ಬಂದು ನಾಲ್ಕು ದಿನ ಉಳಿದಾಗಲೇ ತಿಳಿಯುವುದಲ್ಲವೇ? ಮೆತ್ತನೆಯದು ಕೋಲಿನ ಗೀರುಗಳನ್ನು ಕಚ್ಚಿಕೊಂಡು, ಹಿಮ್ಮುಖವಾಗಿ ತಿರುಗುತ್ತ ಹೋಗಿ, ಬಿದ್ದಲ್ಲೇ ವಿನಯದಿಂದ ಕೂರುತ್ತದೆ. ಗಟ್ಟಿಯದು ಕೋಲಿನ ಮುಖದ ಮೇಲೆ ಜಾರಿ, ಎತ್ತರಕ್ಕೆ ಹಾರಿ, ನೆಲ ಮುಟ್ಟಿದ ಮೇಲೆ ಓಟ ಕೀಳುತ್ತದೆ. ನಾನು ಪ್ರತಿ ಸಲವೂ ಬಹಳ ಯೋಚಿಸಿದವನಂತೆ ಹುಬ್ಬು ಗಂಟಿಕ್ಕಿ ಗಟ್ಟಿಯದನ್ನೇ ಆರಿಸುತ್ತಿದ್ದೆ.

ನೆಲವೂ ನನ್ನ ಪಕ್ಷದಲ್ಲಿತ್ತು. ಊರಾಚೆ ನಾವು ಆಡುತ್ತಿದ್ದ ಕಲ್ಲುಭೂಮಿಯಲ್ಲಿ ಹುಲ್ಲು ಬೆಳೆಯದ್ದರಿಂದ, ಕುಳಿಯ ಸುತ್ತ ರಾಶಿಯ ಕಣದಂತೆ ಸಗಣಿ ಸಾರಿಸುತ್ತಿದ್ದರು. ಅದನ್ನು ಸಾರಿಸುವವಳು ಹಣಮವ್ವ. ಅವಳ ಮಗಳು ನನ್ನ ಹನ್ನೊಂದು ಮಕ್ಕಳಲ್ಲಿ ಒಬ್ಬಳು. ಹಿಂದಿನ ದಿನವೇ ಸಾರಿಸಿ ಒಣಗಿದ ನೆಲದ ಮೇಲೆ ನನ್ನ ಚೆಂಡು ಕುಳಿಯನ್ನು ದಾಟಿ ಜಾಲಿಗಿಡದವರೆಗೆ ಓಡುತ್ತಿತ್ತು. ಸಾಹೇಬರು ಗೆದ್ದು, ಖುಷಿಯಿಂದ ಪೇಶ್ಕಾರರ ಕಟ್ಟಿನ ಮೇಲಿನ ನಾಲ್ಕು ಕಾಗದಗಳಿಗೆ ದಸ್ಕತ್ತು ಹಾಕುತ್ತಿದ್ದರು. ನನ್ನ ಇಜಾಜತಿನ ಅರ್ಜಿ ಅಡಿಯಲ್ಲಿತ್ತು. ಹೀಗೆ ಐದು ತಿಂಗಳು ನಾನು ಬೇರೆಯವರ ಕಾಗದಗಳಿಗಾಗಿ ಸೋತೆ.

ಆರನೆಯ ತಿಂಗಳು ನನ್ನ ಕಾಗದ ಮೇಲಕ್ಕೆ ಬಂತು. ಸಾಹೇಬರಿಗೆ ವರ್ಗದ ಹುಕುಮೂ ಬಂತು. ಅದೇ ಕೊನೆಯ ಆಟ. ಕೊನೆಯ ಕುಳಿಯ ಬಳಿ ಬಂದಾಗ ಇಬ್ಬರ ಹೊಡೆತಗಳೂ ಸರಿಸಮ; ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಸಾಹೇಬರು ಮೆತ್ತನೆಯ ಚೆಂಡನ್ನು ಎಂದಿನಂತೆ ಕುಳಿಗಿಂತ ತುಸು ಹಿಂದೆ ಬೀಳಿಸಿದರು. ಅದು ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ನಾನು ನಿಶ್ಚಿಂತೆಯಿಂದ ಗಟ್ಟಿಯದನ್ನು ಕುಳಿಯತ್ತಲೇ ಎತ್ತಿದೆ. ಅದು ಬಿತ್ತು, ಪಚ್ಚೆಂದಿತು, ಕುಳಿಯಿಂದ ಒಂದು ಗೇಣು ಆಚೆ ಅರ್ಧ ಹೂತು ನಿಂತಿತು. ನೆಲ ಹಸಿಯಾಗಿತ್ತು.

ಬದಿಯಲ್ಲಿ ನಿಂತಿದ್ದ ಹಣಮವ್ವನ ಮುಖ ಅರಳಿತ್ತು. ನಾನು ಹತ್ತಿರ ಹೋದಾಗ ಮೆಲ್ಲಗೆ ಹೇಳಿದಳು: "ಪ್ರತಿ ಸಲ ನಿಮ್ಮ ಚೆಂಡು ಉಳ್ಳಿ ಹೋಗ್ತಿತ್ತಲ್ರಿ ಮಾಸ್ತರ, ನನ್ನ ಜೀವ ಚುರ್ ಅಂತಿತ್ತು. ಅದಕ್ಕ ಇವತ್ತು ನಸುಕಿನ್ಯಾಗ ದಪ್ಪಗ ಬಳದು, ಹಸೀನ ಬಿಟ್ಟೇನ್ರಿ. ಗೆದ್ದವ್ರು ಕೇಳಿದ್ದು ಸರ್ಕಾರ ಕೊಡ್ತದಲ್ರಿ?"

ಕಚೇರಿಗೆಲ್ಲ ಗೊತ್ತಿದ್ದ ನಿಯಮ ಅವಳೊಬ್ಬಳಿಗೆ ಯಾರೂ ಹೇಳಿರಲಿಲ್ಲ.

ಸಾಹೇಬರು ಷರಾಯಿ ಎತ್ತಿಕೊಂಡು ಸಗಣಿಯೊಳಗೆ ಇನ್ನೆರಡು ಹೊಡೆತಗಳಲ್ಲಿ ಮುಗಿಸಿದರು. ನನಗೆ ಗೆಲ್ಲಲು ಒಂದು ಸಾಕು. ಒಮ್ಮೆ ತಪ್ಪಿದರೆ ಬರಾಬರ್. ಸೋಲಬೇಕಾದರೆ ಒಂದು ಗೇಣು ದೂರದಿಂದ ಎರಡು ಸಲ ತಪ್ಪಬೇಕು. ಮೊದಲನೆಯದನ್ನು ಕೈನಡುಕದ ಮೇಲೆ ಹಾಕಬಹುದಿತ್ತು, ತಪ್ಪಿದೆ. ಎರಡನೆಯ ಸಲ ತಪ್ಪುವಾಗ ಹಣಮವ್ವನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಸಾಹೇಬರು ಅರೆಗಳಿಗೆ ನನ್ನನ್ನೇ ನೋಡಿದರು. "ಬಹುತ್ ಖೂಬ್, ಮಾಸ್ಟರ್ ಸಾಬ್," ಎಂದು ತಣ್ಣಗೆ ಹೇಳಿ, ಪೇಶ್ಕಾರರ ಕೈಯಿಂದ ಕಾಗದ ತೆಗೆದುಕೊಂಡು ನಿಂತಲ್ಲೇ ದಸ್ಕತ್ತು ಹಾಕಿದರು. ಪಡಸಾಲೆ ಉಳಿಯಿತು. ಅಷ್ಟು ದಿನ ಕಾದಿದ್ದ ಆ ಕಾಗದವನ್ನು ಮನೆಗೆ ಒಯ್ಯುವಾಗ ನನಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು.

ಮರುದಿನ ಹನ್ನೊಂದು ಮಕ್ಕಳೂ ಬಂದರು. ಹಣಮವ್ವ ತಾನೇ ಮಗಳ ಕೈ ಹಿಡಿದು ಕರೆತಂದಳು. ಇಜಾಜತು ಬಂತೆಂದು ಹೇಳಿ, ಅದು ಹೇಗೆ ಬಂತೆಂಬುದನ್ನೂ ವಿವರಿಸಲು ನಾನು ಬಾಯಿ ತೆರೆದೆ. ಅವಳು ಕೇಳಿಸಿಕೊಳ್ಳಲಿಲ್ಲ; ಒಂದು ಗೇಣಿನಿಂದ ನಾನು ಎರಡು ಸಲ ತಪ್ಪಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮಗಳನ್ನು ಸಾಲಿನಲ್ಲಿ ಕೂರಿಸಿ, ಸೆರಗು ಸರಿಪಡಿಸಿಕೊಂಡು, ನನ್ನತ್ತ ತಿರುಗಿದಳು.

"ಅಕ್ಷರ ಕಲಿಸ್ರಿ, ಮಾಸ್ತರ," ಎಂದಳು. "ಬ್ಯಾರೆ ಏನೂ ಕಲಿಸಬ್ಯಾಡ್ರಿ."